ಮಗು ಹೇಳದೆ ಮುಚ್ಚಿಟ್ಟ ನೋವು



ಹಿಂದೆ ಶಾಲೆಯಲ್ಲಿ ಯಾರಾದರೂ ಗೇಲಿ ಮಾಡಿದರೆ ಸಂಜೆ ಮನೆ ಸೇರಿದೊಡನೆ ಮಗುವಿಗೆ ನೆಮ್ಮದಿ ಸಿಗುತ್ತಿತ್ತು. ಈಗ ಆ ಗೇಲಿ ಮೊಬೈಲಿನೊಂದಿಗೆ ಹಾಸಿಗೆಯವರೆಗೂ ಬರುತ್ತದೆ. ನೂರು ಮಂದಿ ಅದನ್ನು ನೋಡಿ ನಗುತ್ತಾರೆ. ಪಕ್ಕದಲ್ಲೇ ಮಲಗಿದ ತಾಯಿಗೆ ಮಾತ್ರ ಗೊತ್ತಾಗುವುದಿಲ್ಲ.

ಗುರುತಿಸುವುದು ಹೇಗೆ? ಮೊಬೈಲ್ ಸದ್ದಾದರೆ ಮಗು ಬೆಚ್ಚುತ್ತದೆ. ನೀವು ಹತ್ತಿರ ಹೋದರೆ ಪರದೆ ಮರೆಸುತ್ತದೆ. ಊಟ, ನಿದ್ದೆ ಕಡಿಮೆಯಾಗುತ್ತದೆ. ಹೊಟ್ಟೆನೋವೆಂದು ಶಾಲೆ ತಪ್ಪಿಸುತ್ತದೆ. ಇಂತಹವು ಒಟ್ಟಿಗೆ ಕಂಡರೆ ಮೆಲ್ಲಗೆ ವಿಚಾರಿಸಿ.

ಮಗು ಏಕೆ ಹೇಳುವುದಿಲ್ಲ? ಹೇಳಿದರೆ ನಾವು ಮೊದಲು ಮೊಬೈಲ್ ಕಸಿಯುತ್ತೇವೆ. ಹೆಣ್ಣುಮಗಳಾದರೆ ಓದನ್ನೇ ನಿಲ್ಲಿಸುವ ಮಾತು ಬರುತ್ತದೆ. ತಪ್ಪು ಮಾಡಿದವನು ಆರಾಮಾಗಿರುತ್ತಾನೆ, ನೊಂದವಳಿಗೆ ಶಿಕ್ಷೆ! ಈ ಭಯ ಹೋಗದೆ ಮಗುವಿನ ಬಾಯಿ ತೆರೆಯದು.

2022ರ ಜನವರಿ 1ರಂದು ‘ಬುಲ್ಲಿ ಬಾಯಿ’ ಎಂಬ ಆ್ಯಪ್‌ನಲ್ಲಿ ಮುಸ್ಲಿಮ್ ಮಹಿಳೆಯರ ಫೋಟೋಗಳನ್ನು ಹರಾಜಿಗಿಟ್ಟಂತೆ ತೋರಿಸಿದ್ದು ನಿಮಗೆ ನೆನಪಿರಬಹುದು. ನೊಂದವರು ನಾಚಿ ಮುದುಡಲಿಲ್ಲ, ದೂರು ಕೊಟ್ಟರು. ಕೆಲವೇ ದಿನಗಳಲ್ಲಿ ಬಂಧನಗಳಾದವು. ಬಂಧಿತರಲ್ಲಿ ಬೆಂಗಳೂರಿನಲ್ಲಿ ಓದುತ್ತಿದ್ದ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯೂ ಇದ್ದ. ಅವನಿಗಿಂತ ಚಿಕ್ಕ ವಯಸ್ಸಿನ ಯುವತಿಯೂ ಇದ್ದಳು. ಇಂತಹ ಪ್ರಕರಣಗಳಲ್ಲಿ ಸಿಕ್ಕಿಬೀಳುವವರೂ ಯಾವುದೋ ಮನೆಯ ಮಕ್ಕಳೇ. ಆದ್ದರಿಂದ ‘ನನ್ನ ಮಗುವಿಗೆ ಯಾರು ನೋವು ಕೊಡುತ್ತಿದ್ದಾರೆ?’ ಎಂದು ಕೇಳಿದರೆ ಸಾಲದು. ‘ನನ್ನ ಮಗು ಯಾರಿಗೆ ನೋವು ಕೊಡುತ್ತಿದೆ?’ ಎಂದೂ ಕೇಳಬೇಕು.

ಅದನ್ನು ಮಕ್ಕಳು ಎಲ್ಲಿ ಕಲಿಯುತ್ತಾರೆ? ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ. ಮಾಮು ಒಬ್ಬ ಹುಡುಗಿಯ ಬಣ್ಣದ ಬಗ್ಗೆ ತಮಾಷೆ ಹಾಕುತ್ತಾರೆ, ಖಾಲಾ ನಗುವ ಚಿತ್ರ ಕಳಿಸುತ್ತಾರೆ. ಗೇಲಿ ಮಾಡುವುದನ್ನೂ ಅಡ್ಡಹೆಸರಿಡುವುದನ್ನೂ ಕುರ್‌ಆನಿನ ‘ಅಲ್ ಹುಜುರಾತ್’ ಅಧ್ಯಾಯ ನಿಷೇಧಿಸುವಾಗ ಸ್ತ್ರೀಯರನ್ನು ಪ್ರತ್ಯೇಕವಾಗಿಯೇ ಎಚ್ಚರಿಸಿದೆ. ಬೆರಳಿನಲ್ಲಿ ಒತ್ತಿ ಬರೆದದ್ದಕ್ಕೂ ಅದು ಅನ್ವಯಿಸುವುದಿಲ್ಲವೇ?

ನಮ್ಮ ರಾಣೆಬೆನ್ನೂರು ತಾಲೂಕಿನ ದೇವರಗುಡ್ಡದಲ್ಲಿ ಪ್ರತಿ ದಸರೆಗೆ ಕಾರಣಿಕ ನಡೆಯುತ್ತದೆ. ಗೊರವಯ್ಯನವರು ಬಿಲ್ಲೇರಿ ‘ಸದ್ದಲೇ’ ಎಂದೊಡನೆ ನೆರೆದ ಜನರೆಲ್ಲ ಮೌನವಾಗುತ್ತಾರೆ. ಅನಂತರ ಅವರು ಹೇಳುವ ಒಂದೇ ಸಾಲು ಊರೂರು ಸುತ್ತುತ್ತದೆ. ಮೊಬೈಲಿನಲ್ಲಿ ಬರೆದ ಸಾಲೂ ಹಾಗೆಯೇ ಸುತ್ತುತ್ತದೆ, ಆದರೆ ಬರೆಯುವ ಮುಂಚೆ ‘ಸದ್ದಲೇ’ ಎನ್ನುವವರಿಲ್ಲ. ಗ್ರೂಪಿನಲ್ಲಿ ‘ಇದು ಸರಿಯಲ್ಲ, ಅಳಿಸಿ’ ಎನ್ನುವ ಒಬ್ಬ ಹಿರಿಯರು ಪ್ರತಿ ಮನೆಯಲ್ಲೂ ಬೇಕು.

ತೊಂದರೆ ಶುರುವಾಗಿದ್ದರೆ ಹೀಗೆ ಮಾಡಿ:

* ಗಾಬರಿಯಿಂದ ಎಲ್ಲವನ್ನೂ ಅಳಿಸಬೇಡಿ. ಕಳಿಸಿದವರ ಹೆಸರು, ನಂಬರ್, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ.
* ತಿರುಗಿ ಬೈಯಬೇಡಿ. ಆ ನಂಬರನ್ನು ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ.
* ಸಹಪಾಠಿಗಳ ಕೆಲಸವಾದರೆ ಶಿಕ್ಷಕರಿಗೂ ಆ ಮಕ್ಕಳ ಪೋಷಕರಿಗೂ ತಿಳಿಸಿ.
* ಬೆದರಿಕೆ ಅಥವಾ ಅಶ್ಲೀಲ ಫೋಟೋ ಇದ್ದರೆ ಪೊಲೀಸ್ ಠಾಣೆಗೆ ಹೋಗಿ. ಜಿಲ್ಲೆಯ ಸಿಇಎನ್ ಠಾಣೆ ಸೈಬರ್ ಅಪರಾಧಗಳನ್ನೂ ನೋಡಿಕೊಳ್ಳುತ್ತದೆ. ಅಂತಹ ಫೋಟೋವನ್ನು ಸಾಕ್ಷಿಯೆಂದು ಬಂಧುಗಳಿಗೆ ಕಳಿಸಬೇಡಿ. ಮಗುವಿನ ಅಶ್ಲೀಲ ಚಿತ್ರ ಹಂಚುವುದೇ ಅಪರಾಧ.
* ಮಕ್ಕಳ ಸಹಾಯವಾಣಿ 1098. ಸೈಬರ್ ಸಹಾಯವಾಣಿ 1930. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ದೂರುಗಳಿಗೆ ಪ್ರತ್ಯೇಕ ವಿಭಾಗವಿದೆ.

ಇನ್ನೂ ಏನೂ ಆಗಿಲ್ಲವೇ? ಹಾಗಾದರೆ ಇಂದೇ ಮಗುವನ್ನು ಹತ್ತಿರ ಕೂರಿಸಿಕೊಂಡು ಹೇಳಿ: ‘ಏನೇ ಆದರೂ ಮೊದಲು ನನಗೆ ಹೇಳು. ಮೊಬೈಲ್ ಕಸಿಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ.’ ಆ ಮಾತನ್ನು ಉಳಿಸಿಕೊಳ್ಳಿ.