ಅತಿವಾಹನ

ಶಹಾಪುರದ ಕಡೆಯಿಂದ ಗೋಗಿಗೆ ಬರುವ ದಾರಿಯಲ್ಲಿ ಎತ್ತಿನ ಬಂಡಿ, ಟಂಟಂ, ಹತ್ತಿ ಹೇರಿದ ಟ್ರ್ಯಾಕ್ಟರು, ಕುರಿಹಿಂಡು, ನಡೆದು ಶಾಲೆಗೆ ಹೋಗುವ ಮಕ್ಕಳು, ಇವೆಲ್ಲಕ್ಕೂ ದಾರಿ ಒಂದೇ. ಅದರ ಮೇಲೆ ಒಬ್ಬನೇ ಗೃಹಸ್ಥನನ್ನು ಹೊತ್ತ ಎರಡು ಟನ್ನಿನ ವಾಹನ ಬಂದರೆ ಉಳಿದವರೆಲ್ಲ ಎರೆಮಣ್ಣಿಗೆ ಇಳಿಯಬೇಕು. ಇದನ್ನು ಪ್ರಗತಿಯೆಂದು ಕರೆಯುವವರಿದ್ದಾರೆ.

1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800 ಕಾರಿನ ತೂಕ ಸುಮಾರು 650 ಕಿಲೋ, ಎಂಜಿನ್ 796 ಸಿ.ಸಿ. ತಂದೆ, ತಾಯಿ, ಇಬ್ಬರು ಮಕ್ಕಳು, ಜೊತೆಗೊಬ್ಬ ಅಜ್ಜಿ ಅದರಲ್ಲೇ ಮದುವೆ, ಯಾತ್ರೆಗಳನ್ನು ಮುಗಿಸಿಕೊಂಡು ಬರುತ್ತಿದ್ದರು. ಇಂದಿನ ಫಾರ್ಚೂನರ್ 2,000 ಕಿಲೋ ಮೀರಿದೆ. ಅದರ ಡೀಸೆಲ್ ಎಂಜಿನ್ 2,755 ಸಿ.ಸಿ. ಒಳಗೆ ಕುಳಿತವನ ತೂಕ ಹೆಚ್ಚಿದ್ದರೂ ಮೂರು ಪಟ್ಟಾಗಿಲ್ಲ.

ಹಳ್ಳಿಯ ರಸ್ತೆಗೆ ಎತ್ತರದ ಗಾಡಿಯೇ ಬೇಕೆಂಬ ವಾದವನ್ನು ತಳ್ಳಿಹಾಕಲಾಗದು. ಮಳೆಗಾಲದ ಎರೆಹೊಲವನ್ನು ಬಲ್ಲವರು ಹಾಗೆ ಮಾಡಲಾರರು. ಆದರೆ ಹತ್ತು ಜನರನ್ನು, ರೋಗಿಯನ್ನು, ಬೀಜದ ಚೀಲಗಳನ್ನು ಹೊರುವ ಜೀಪಿನ ಮಾತೇ ಬೇರೆ. ಕೆಸರನ್ನೇ ತುಳಿಯದೆ ಪೇಟೆಯ ಅಂಗಡಿಯ ಮುಂದೆ ದಿನವಿಡೀ ನಿಲ್ಲುವ ವಾಹನಕ್ಕೆ ಕೆಸರಿನ ನೆಪವೇಕೆ?

ಇನ್ನೊಂದು ವಾದ ಸುರಕ್ಷತೆಯದು. ಸಣ್ಣ ಕಾರುಗಳು ದುರ್ಬಲವೆಂಬುದು ಸುಳ್ಳಲ್ಲ. 2014ರ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಆಲ್ಟೊ 800, ನ್ಯಾನೊ ಎರಡಕ್ಕೂ ಶೂನ್ಯ ತಾರೆ ದೊರೆತಿತ್ತು. ಆದರೆ 2020ರಲ್ಲಿ ಆಲ್ಟ್ರೋಜ್ ಎಂಬ ಸಣ್ಣ ಕಾರು ಐದು ತಾರೆ ಪಡೆಯಿತು. ಗಟ್ಟಿಯಾಗಲು ದೈತ್ಯವಾಗಬೇಕಿಲ್ಲವೆಂದಾಯಿತು. ಅಲ್ಲದೆ, ದೊಡ್ಡ ವಾಹನ ಕಾಯುವುದು ಯಾರನ್ನು? ಅದೇ ವೇಗದಲ್ಲಿ ಮೂರು ಪಟ್ಟು ತೂಕ ಮೂರು ಪಟ್ಟು ಶಕ್ತಿಯಿಂದ ಅಪ್ಪಳಿಸುತ್ತದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ 2023ರ ಅಧ್ಯಯನದಂತೆ, ಮೂತಿ 40 ಅಂಗುಲಕ್ಕಿಂತ ಎತ್ತರವಿರುವ ವಾಹನವು ಢಿಕ್ಕಿ ಹೊಡೆದಾಗ ಪಾದಚಾರಿ ಸಾಯುವ ಸಂಭವ, 30 ಅಂಗುಲದೊಳಗಿನ ಇಳಿಜಾರು ಮೂತಿಯ ವಾಹನಕ್ಕಿಂತ ಸುಮಾರು ಶೇಕಡಾ 45ರಷ್ಟು ಅಧಿಕ. ಒಳಗಿನವನು ಹಣ ಕೊಟ್ಟು ಅಪಾಯವನ್ನು ಹೊರಗಿನವನ ಮೈಮೇಲೆ ವರ್ಗಾಯಿಸಿದ್ದಾನೆ, ಅಷ್ಟೆ. ನೀರನ್ನು ಸೋಸಿ ಕುಡಿಯುವ ಮನೆಯಂಗಳದಲ್ಲೂ ಇಂಥ ವಾಹನ ನಿಂತಿರುವುದು ವಿಚಿತ್ರ.

ಗೃಹಸ್ಥನ ಹತ್ತು ಬಾಹ್ಯಪರಿಗ್ರಹಗಳಲ್ಲಿ ಯಾನವೂ ಒಂದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣವ್ರತದ ಅತಿಚಾರಗಳನ್ನು ಎಣಿಸುವಾಗ ಮೊದಲು ಹೆಸರಿಸುವುದು ಅತಿವಾಹನವನ್ನೇ. ಲೋಭದಿಂದ ಎತ್ತು ಮುಂತಾದವನ್ನು ಶಕ್ತಿಮೀರಿ ಓಡಿಸುವುದು ಅದರ ಮೂಲಾರ್ಥ. ನೊಗದ ಕೆಳಗೆ ಈಗ ಎತ್ತಿಲ್ಲವಾದ್ದರಿಂದ ದೋಷವೂ ಇಲ್ಲವೆಂದು ಭಾವಿಸಲಾಗಿದೆ. ಎತ್ತು ಎಲ್ಲಿಗೂ ಹೋಗಿಲ್ಲ, ರಸ್ತೆಯ ಬದಿಗೆ ಸರಿದು ನಿಂತಿದೆ.

1510ರಲ್ಲಿ ತೀರಿಕೊಂಡ ಯೂಸುಫ್ ಆದಿಲ್ ಶಾಹ ರಾಜ್ಯವನ್ನೇ ಕಟ್ಟಿದವನು. ಅವನ ಸಮಾಧಿ ಇರುವುದು ಗೋಗಿಯ ಚಂದಾ ಹುಸೇನಿ ದರ್ಗಾದ ಆವರಣದಲ್ಲಿ. ಅದೇ ವಂಶದ, 1656ರಲ್ಲಿ ಮಡಿದ ಮುಹಮ್ಮದನಿಗೆ ವಿಜಯಪುರದ ಗೋಳಗುಮ್ಮಟವೇ ಬೇಕಾಯಿತು. ಮುಂದೆ ಮೂವತ್ತೇ ವರ್ಷಕ್ಕೆ, 1686ರಲ್ಲಿ, ರಾಜ್ಯ ಔರಂಗಜೇಬನ ಪಾಲಾಯಿತು. ಗುಮ್ಮಟದಿಂದಲೇ ರಾಜ್ಯ ಬಿದ್ದಿತೆಂದಲ್ಲ. ಗುಮ್ಮಟ ಅದನ್ನು ಉಳಿಸಲೂ ಇಲ್ಲ.

2025ರ ಸೆಪ್ಟೆಂಬರ್ 22ರಿಂದ ಸರ್ಕಾರ ಸಣ್ಣ ಕಾರಿಗೆ ಶೇಕಡಾ 18, ದೊಡ್ಡದಕ್ಕೆ ಶೇಕಡಾ 40 ತೆರಿಗೆ ವಿಧಿಸಿದೆ. ತೆರಿಗೆಯನ್ನೂ ಪ್ರತಿಷ್ಠೆಯ ಭಾಗವೆಂದೇ ಕಟ್ಟುವವನನ್ನು ಅದು ತಡೆಯದು. ವ್ರತ ಸ್ವೀಕರಿಸುವವರು ಹೊಲವನ್ನು ಎಕರೆಯಲ್ಲಿ, ಬಂಗಾರವನ್ನು ತೊಲೆಯಲ್ಲಿ ಮಿತಿಗೊಳಿಸುತ್ತಾರೆ. ವಾಹನಕ್ಕೆ ಬಂದಾಗ ಮಾತ್ರ ಒಂದು, ಎರಡು ಎಂದು ಸಂಖ್ಯೆ ಹೇಳಿ ಸುಮ್ಮನಾಗುತ್ತಾರೆ. ಅದರ ತೂಕವನ್ನೂ ಹೇಳಲಿ.