ಬಾಟಲಿಯ ಹಿಂಬದಿಯ ಸಣ್ಣ ಅಕ್ಷರ



ನಮ್ಮ ಮನೆಗಳಲ್ಲಿ ನಿಮ್ಮ ಪಾಲಿಗೆ ಒಂದು ಕೆಲಸ ತಾನಾಗಿಯೇ ಬಂದಿದೆ. ಬ್ಯಾಂಕಿನ ಕಾಗದ ಬರಲಿ, ಸೊಸೈಟಿಯ ನೋಟೀಸು ಬರಲಿ, ಔಷಧದ ಬಾಟಲಿ ಬರಲಿ, "ಇದರಲ್ಲೇನು ಬರೆದಿದೆ, ಸ್ವಲ್ಪ ಓದಿ ಹೇಳು" ಎಂದು ಹಿರಿಯರು ನಿಮ್ಮ ಕೈಗೆ ಕೊಡುತ್ತಾರೆ. ಈ ಸಲದ ಅಂಕಣ ಅಂಥ ಒಂದು ಬಾಟಲಿಯ ಕುರಿತು. ಆಟಿಸಂ ಇರುವ ಮಗುವೊಂದು ನಿಮ್ಮ ಬಳಗದಲ್ಲೋ ಪಕ್ಕದ ಮನೆಯಲ್ಲೋ ಇದ್ದೀತು. ಅದರ ತಾಯಿ, ನಿಮ್ಮ ಚಿಕ್ಕಮ್ಮನೋ ಅತ್ತಿಗೆಯೋ, ಜೀರ್ಣಕಾರಕ ಎಂಜೈಮ್ ಗುಳಿಗೆಗಳನ್ನು ತೋರಿಸಿ "ಇದನ್ನು ಕೊಟ್ಟರೆ ಮಗುವಿಗೆ ಮಾತು ಬರುತ್ತದಂತೆ, ನಿಜವೇ?" ಎಂದು ಕೇಳಿದರೆ ಏನು ಹೇಳುವಿರಿ?

ಮೊದಲು ಎಂಜೈಮ್ ಎಂದರೇನು ನೋಡೋಣ. ಕನ್ನಡದಲ್ಲಿ ಇದಕ್ಕೆ ಕಿಣ್ವ ಎನ್ನುತ್ತಾರೆ. ಒಂದು ಹಿಡಿ ಅವಲಕ್ಕಿಯನ್ನು ಬಾಯಲ್ಲಿಟ್ಟು ಬಹಳ ಹೊತ್ತು ಅಗಿದರೆ ಸಿಹಿಯಾಗುತ್ತದಲ್ಲವೇ? ಎಂಜಲಿನ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವುದರಿಂದ ಹಾಗಾಗುತ್ತದೆ. ಜಠರದಲ್ಲಿ ಪೆಪ್ಸಿನ್, ಮೇದೋಜೀರಕ ಗ್ರಂಥಿಯಿಂದ ಟ್ರಿಪ್ಸಿನ್, ಲೈಪೇಸ್ ಹೀಗೆ ಒಂದೊಂದಕ್ಕೆ ಒಂದೊಂದು ಕೆಲಸ. ಮಾಂಸ ಬೇಗ ಬೇಯಲೆಂದು ಪರಂಗಿಕಾಯಿಯ ತುಂಡು ಹಾಕುವುದೂ ಅದರಲ್ಲಿರುವ ಪಪೇನ್ ಎಂಬ ಕಿಣ್ವದ ಬಲದಿಂದಲೇ.

ಹೊಟ್ಟೆಯ ಈ ವಸ್ತುವಿಗೂ ಮಗುವಿನ ಮಾತಿಗೂ ಏನು ಸಂಬಂಧ? 1979ರಲ್ಲಿ ಯಾಕ್ ಪ್ಯಾಂಕ್‌ಸೆಪ್ ಎಂಬ ವಿಜ್ಞಾನಿ, ಆಟಿಸಂನ ಕೆಲವು ಲಕ್ಷಣಗಳು ಮಿದುಳಿನಲ್ಲಿ ಅಫೀಮಿನಂಥ ವಸ್ತುಗಳು ಹೆಚ್ಚಾದಾಗಿನ ಸ್ಥಿತಿಯನ್ನು ಹೋಲುತ್ತವೆ ಎಂದರು. ಮುಂದೆ ಇದಕ್ಕೆ ಊಟದ ಎಳೆ ಸೇರಿತು. ಗೋಧಿಯ ಗ್ಲುಟೆನ್, ಹಾಲಿನ ಕೇಸೀನ್ ಪೂರ್ತಿ ಜೀರ್ಣವಾಗದೆ, ಆ ತುಣುಕುಗಳು ಕರುಳಿನಿಂದ ಸೋರಿ ಮಿದುಳು ಸೇರುತ್ತವೆ ಎಂಬುದು ವಾದ. ಹಾಗಾದರೆ ಕಿಣ್ವ ಕೊಟ್ಟು ಆ ತುಣುಕುಗಳನ್ನು ಒಡೆದುಬಿಟ್ಟರಾಯಿತು! ಕೇಳಲು ಬಲು ಸರಳ, ತರ್ಕಬದ್ಧ. ಆದರೆ ನಂತರ ಹೆಚ್ಚು ನಿಖರವಾದ ವಿಧಾನಗಳಿಂದ ಮಕ್ಕಳ ಮೂತ್ರವನ್ನು ಪರೀಕ್ಷಿಸಿದಾಗ ಆ ತುಣುಕುಗಳು ಸಿಗಲಿಲ್ಲ.

ತರ್ಕ ಬಿಟ್ಟು ಪ್ರಯೋಗಕ್ಕೆ ಬರೋಣ. ಆಸ್ಟ್ರೇಲಿಯಾದ ವೈದ್ಯರು 3ರಿಂದ 8 ವರ್ಷದ 43 ಮಕ್ಕಳಿಗೆ ಇಂಥ ಕಿಣ್ವವನ್ನು ಕೊಟ್ಟು ನೋಡಿ 2010ರಲ್ಲಿ ವರದಿ ಮಾಡಿದರು. ಪ್ರತಿ ಮಗುವಿಗೂ ಕೆಲವು ಕಾಲ ನಿಜವಾದ ಮದ್ದು, ಕೆಲವು ಕಾಲ ಅದರಂತೆಯೇ ಕಾಣುವ ಸಪ್ಪೆ ಪುಡಿ. ಯಾವುದು ಯಾವಾಗ ಎಂಬುದು ತಾಯಿತಂದೆಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಕೊನೆಗೆ ನಡವಳಿಕೆ, ನಿದ್ದೆ, ಮಾತು ಯಾವುದರಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಈಜಿಪ್ಟಿನಲ್ಲಿ 101 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಮೂರು ತಿಂಗಳ ಪ್ರಯೋಗ, ಸುಧಾರಣೆ ಕಂಡಿತೆಂದು ಹೇಳಿತು. ಅಮೆರಿಕದಲ್ಲಿ 3ರಿಂದ 6 ವರ್ಷದ 190 ಮಕ್ಕಳ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಕ್ಕಳ ಸಿಡುಕು ಸ್ವಲ್ಪಮಟ್ಟಿಗೆ ತಗ್ಗಿತು. ಅಂದರೆ ವಿಷಯ ಪೂರ್ತಿ ಮುಗಿದಿಲ್ಲ. ಆದರೆ "ಆಟಿಸಂ ಗುಣವಾಗುತ್ತದೆ" ಎಂಬ ಮಾತಿಗೆ ಇವುಗಳಲ್ಲಿ ಯಾವುದೂ ಆಧಾರವಲ್ಲ.

"ಆದರೆ ನಮ್ಮ ಮಗುವಿಗೆ ಗುಣ ಕಂಡಿತಲ್ಲ!" ಎಂದು ಯಾರಾದರೂ ಹೇಳಿದರೆ? ಅವರು ಸುಳ್ಳು ಹೇಳುತ್ತಿಲ್ಲ. ಸೀಕ್ರೆಟಿನ್ ಎಂಬ, ಜೀರ್ಣಕ್ರಿಯೆಗೇ ಸೇರಿದ ಹಾರ್ಮೋನಿನ ಕಥೆ ಕೇಳಿ. 1998ರಲ್ಲಿ ಮೂವರು ಮಕ್ಕಳಿಗೆ ಅದರಿಂದ ಅನುಕೂಲವಾಯಿತೆಂಬ ವರದಿ ಬಂದದ್ದೇ ತಡ, ಸಾವಿರಾರು ತಾಯಿತಂದೆಯರು ಅದಕ್ಕಾಗಿ ಮುಗಿಬಿದ್ದರು. 1999ರಲ್ಲಿ 60 ಮಕ್ಕಳ ಮೇಲೆ ಸರಿಯಾದ ಪ್ರಯೋಗ ನಡೆಯಿತು. ಸೀಕ್ರೆಟಿನ್ ಪಡೆದವರಂತೆ ಬರೀ ಉಪ್ಪುನೀರಿನ ಚುಚ್ಚುಮದ್ದು ಪಡೆದ ಮಕ್ಕಳೂ ಸುಧಾರಿಸಿದ್ದರು! ಮಕ್ಕಳು ತಾವಾಗಿಯೇ ಬೆಳೆಯುತ್ತಿರುತ್ತಾರೆ, ಜೊತೆಗೆ ನಾವು ಆಸೆಯಿಂದ ನೋಡುತ್ತಿರುತ್ತೇವೆ. ಫಲಿತಾಂಶ ತಿಳಿಸಿದ ಮೇಲೂ ಆ ತಾಯಿತಂದೆಯರಲ್ಲಿ ನೂರಕ್ಕೆ 69 ಮಂದಿ ತಮಗೆ ಸೀಕ್ರೆಟಿನ್‌ನಲ್ಲಿ ಇನ್ನೂ ಆಸಕ್ತಿಯಿದೆ ಎಂದರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ನಗುವ ಮಾತಲ್ಲ ಇದು.

ಹಾಗೆಂದು ಹೊಟ್ಟೆಯ ವಿಷಯವನ್ನು ತಳ್ಳಿಹಾಕಬೇಡಿ. ಆಟಿಸಂ ಇರುವ ಮಕ್ಕಳಲ್ಲಿ ಮಲಬದ್ಧತೆ, ಭೇದಿ, ಹೊಟ್ಟೆನೋವು ಬೇರೆ ಮಕ್ಕಳಿಗಿಂತ ಹೆಚ್ಚು. ಮಾತು ಬಾರದ ಮಗು ನೋವನ್ನು ಹೇಗೆ ಹೇಳೀತು? ಕೈ ಕಚ್ಚಿಕೊಳ್ಳುತ್ತದೆ, ರಾತ್ರಿ ಎದ್ದು ಕೂಗುತ್ತದೆ, ಹೊಟ್ಟೆಯನ್ನು ಮೇಜಿನ ಅಂಚಿಗೆ ಒತ್ತುತ್ತದೆ. "ಅದು ಆಟಿಸಂನ ಹಟ" ಎಂದು ಬಿಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಹಾಲಿನ ಸಕ್ಕರೆ ಅರಗದವರಿಗೆ ಲ್ಯಾಕ್ಟೇಸ್, ಮೇದೋಜೀರಕ ಗ್ರಂಥಿ ಕೆಟ್ಟವರಿಗೆ ಅದರ ಕಿಣ್ವ, ಇವು ನಿಜವಾಗಿಯೂ ಬೇಕಾದ ಮದ್ದುಗಳು. ಆದರೆ ಪರೀಕ್ಷೆ ಮಾಡಿಸಿ, ವೈದ್ಯರು ಹೇಳಿದ ಪ್ರಮಾಣದಲ್ಲಿ. "ಎಷ್ಟು ಕೊಟ್ಟರೂ ಅಪಾಯವಿಲ್ಲ" ಎಂಬುದೂ ಸರಿಯಲ್ಲ. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಕಾಯಿಲೆಯ ಮಕ್ಕಳಿಗೆ ಅತಿ ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ದೊಡ್ಡಕರುಳು ಕಿರಿದಾದ ಪ್ರಕರಣಗಳು 1994ರಲ್ಲಿ ವರದಿಯಾಗಿವೆ.

ಈಗ ಬಾಟಲಿಯನ್ನು ತಿರುಗಿಸಿ. ಅಮೆರಿಕದಿಂದ ಬಂದದ್ದಾದರೆ, 1994ರ ಅಲ್ಲಿನ ಕಾನೂನಿನ ಪ್ರಕಾರ ಸಣ್ಣ ಅಕ್ಷರದಲ್ಲಿ ಒಂದು ಒಕ್ಕಣೆ ಇರುತ್ತದೆ: ಈ ವಸ್ತು ಯಾವುದೇ ರೋಗವನ್ನು ಗುಣಪಡಿಸಲು ಉದ್ದೇಶಿಸಿದ್ದಲ್ಲ. ನಮ್ಮ ದೇಶದ ಪೂರಕಗಳ ಮೇಲೂ ಔಷಧವಾಗಿ ಬಳಸಲು ಅಲ್ಲ ಎಂದು ಮುದ್ರಿಸಬೇಕೆಂಬ ನಿಯಮವಿದೆ. ಮಾರುವವನೇ ಬರೆದುಕೊಟ್ಟ ಈ ಮಾತನ್ನು ಚಿಕ್ಕಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ. ಪ್ಯಾಂಕ್ರಿಯಾಟಿನ್ ಎಂದಿದ್ದರೆ ಅದು ಸಾಮಾನ್ಯವಾಗಿ ಹಂದಿಯ ಗ್ರಂಥಿಯಿಂದ ತೆಗೆದದ್ದು ಎಂಬುದೂ ಸಸ್ಯಾಹಾರಿ ಮನೆಗೆ ತಿಳಿದಿರಲಿ.

ಹೇಳುವ ಬಗೆ ಮಾತ್ರ ಮೆತ್ತಗಿರಲಿ. ಒಂದು ಕಾಲದಲ್ಲಿ ತಾಯಿಯ ಪ್ರೀತಿ ಸಾಲದೆ ಆಟಿಸಂ ಬರುತ್ತದೆಂದು ವೈದ್ಯರೇ ಹೇಳಿ ಎಷ್ಟೋ ತಾಯಂದಿರನ್ನು ಅಳಿಸಿದ್ದರು. "ಮದ್ದು ಕೊಡದೆ ತಪ್ಪು ಮಾಡಿದೆನೇ" ಎಂಬ ಅಳುಕು ಇಂದಿಗೂ ಉಂಟು. "ಅದೆಲ್ಲ ಮೋಸ" ಎಂದು ಒಂದೇ ಮಾತಿನಲ್ಲಿ ಹೇಳಿ ಎದ್ದು ಹೋಗಬೇಡಿ. ತಿಂಗಳಿಗೆ ಈ ಬಾಟಲಿಗೆಷ್ಟು, ಅದೇ ಹಣದಲ್ಲಿ ಮಾತಿನ ತರಬೇತಿ ಎಷ್ಟು ದಿನ ನಡೆದೀತು ಎಂದು ಜೊತೆಗೆ ಕುಳಿತು ಲೆಕ್ಕ ಹಾಕಿ.

ಇನ್ನೂ ಒಂದು ಕೆಲಸ. 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಎರಡರಲ್ಲೂ ಆಟಿಸಂ ಸೇರಿದೆ. ಟ್ರಸ್ಟಿನ ನಿರಾಮಯ ಎಂಬ ಆರೋಗ್ಯ ವಿಮೆಯಲ್ಲಿ ತರಬೇತಿಯ ಖರ್ಚಿಗೂ ಅವಕಾಶವಿದೆ. ಅರ್ಜಿ ತುಂಬುವುದು ನಿಮಗೆ ಅರ್ಧ ಗಂಟೆಯ ಕೆಲಸ, ಚಿಕ್ಕಮ್ಮನಿಗೆ ಅದೇ ಬೆಟ್ಟ. ಈ ಭಾನುವಾರ ಹೋಗಿ ತುಂಬಿಸಿಕೊಡಿ. ಅವರು ಫಾರಂ ಓದಿಸಿಕೊಳ್ಳುವಷ್ಟು ಹೊತ್ತು ಮಗುವನ್ನು ಯಾರಾದರೂ ಆಡಿಸುತ್ತಿರಬೇಕಾದೀತು, ತಂಗಿಯನ್ನೋ ತಮ್ಮನನ್ನೋ ಜೊತೆಗೆ ಕರೆದುಕೊಂಡು ಹೋಗಿ.