ಹದಿಹರೆಯಕ್ಕೂ ಒಂದು ಕಪಾಟು

ಬೆಳಗಾವಿಯ ನಮ್ಮ ಸದಾಶಿವನಗರದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳನ್ನು ಎಲ್ಲರೂ ಕೇಳುವುದು ಒಂದೇ: ಡಾಕ್ಟರೋ, ಎಂಜಿನಿಯರೋ? ‘ನಾನು ಯಾರು, ನನ್ನ ಜಾಗ ಯಾವುದು?’ ಎಂಬ ಅವರ ಪ್ರಶ್ನೆಗೆ ಕಿವಿಗೊಡುವವರಿಲ್ಲ. ಒಳ್ಳೆಯ ಕಾದಂಬರಿ ಕಿವಿಗೊಡುತ್ತದೆ. ಶರಾವತಿ ಮುಳುಗಡೆಯ ಬದುಕನ್ನು ಬರೆದ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕಾದಂಬರಿಗೆ 2011ರ ಬಾಲ ಸಾಹಿತ್ಯ ಪುರಸ್ಕಾರ ಬಂದಿದೆ. ಇಂಥ ಪುಸ್ತಕಗಳು ನಮ್ಮ ಪ್ರಸಾದ ನಿಲಯಗಳಲ್ಲಿ ಎಷ್ಟಿವೆ?

ಜನಿವಾರ ಒಲ್ಲೆನೆಂದು ಮನೆಬಿಟ್ಟು ಕೂಡಲಸಂಗಮಕ್ಕೆ ನಡೆದ ಬಾಲಕ ಬಸವಣ್ಣನವರೂ ತಮ್ಮ ಜಾಗ ಹುಡುಕಿದವರೇ. ಅವರನ್ನು ಪೂಜಿಸುವ ನಾವು, ಮನೆಯ ಮಗಳು ‘ಒಲ್ಲೆ’ ಎಂದರೆ ಗದರಿಸುತ್ತೇವೆ. ಇದು ಬಸವತತ್ವವಲ್ಲ.

ಪೂಜ್ಯರಲ್ಲಿ ನನ್ನ ಅರಿಕೆ: ಅನ್ನ, ಅಕ್ಷರಗಳ ದಾಸೋಹದ ಜೊತೆ ಹದಿಹರೆಯದವರಿಗೊಂದು ಕಾದಂಬರಿ ಕಪಾಟೂ ಇರಲಿ. ಬಸವ ಜಯಂತಿಗೆ ಪ್ರತಿ ಮನೆಯಿಂದ ಒಂದು ಪುಸ್ತಕ ಬಂದರೂ ಕಪಾಟು ತುಂಬೀತು.